ಹನ್ನೊಂದರ ಹಿರಿಯರು

ಹಿಂದಿನ ತಲೆಮಾರಿನ ಅನೇಕರ ಜನ್ಮದಿನವನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರೆ, ಇಂದಿನ ಬಾಲಕರು ಆ ಅಧಿಕಾರವನ್ನು ತಾವೇ ವಹಿಸಿಕೊಂಡು, ಇನ್‌ಸ್ಟಾಗ್ರಾಮ್ ಖಾತೆ ತೆರೆಯುವ ಶುಭಮುಹೂರ್ತದಲ್ಲಿ ಅಪ್ಪನ ಓರಗೆಯವರಾಗಿಬಿಡುತ್ತಾರೆ. ಖಾತೆ ತೆರೆಯಲು ಹದಿಮೂರು ತುಂಬಿರಬೇಕೆಂಬ ನಿಯಮದ ಮೂಲ ಅಮೆರಿಕದ 1998ರ ಕಾಯ್ದೆಯೊಂದರಲ್ಲಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೋ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆಯನ್ನು ಬಯಸುತ್ತದೆ. ಪೋಷಕರ ಫೋನಿನ ಪಾಸ್‌ವರ್ಡನ್ನು ಪೋಷಕರಿಗಿಂತ ಚೆನ್ನಾಗಿ ಬಲ್ಲವರು ಮಕ್ಕಳೇ ಎಂಬುದು ಶಾಸನಕರ್ತರ ಗಮನಕ್ಕೆ ಬಂದಂತಿಲ್ಲ.

ಹೀಗೆ ದಿಢೀರನೆ ಮೂವತ್ತು ದಾಟಿದ ಬಾಲಕನಿಗೆ, ಅಪರಿಚಿತರ ಸಂದೇಶಗಳನ್ನು ತಡೆಯುವಂಥ, ಹದಿಹರೆಯದವರಿಗೆಂದೇ ಇರುವ ರಕ್ಷಣೆಗಳು ತಪ್ಪಿಹೋಗುತ್ತವೆ. ಅವನು ಮೂವತ್ತಾದಷ್ಟೇ ಸುಲಭವಾಗಿ ನಲವತ್ತರ ಅಪರಿಚಿತನೊಬ್ಬ ಹದಿಮೂರಾಗಬಲ್ಲನು. ಹೊಗಳಿಕೆಯಿಂದಲೋ ಆಟದ ಉಚಿತ ವಜ್ರಗಳ ಆಮಿಷದಿಂದಲೋ ಮಗುವಿನ ವಿಶ್ವಾಸ ಗಳಿಸಿ, ಕ್ರಮೇಣ ಫೋಟೋ ಕೇಳುವ ಈ ಕುಟಿಲ ವಿದ್ಯೆಗೆ ಗ್ರೂಮಿಂಗ್ ಎಂದು ಹೆಸರು. 'ಅಮ್ಮನಿಗೆ ಹೇಳಬೇಡ' ಎಂಬುದು ಅದರ ಮೂಲಮಂತ್ರ. ಈ ಮಂತ್ರ ಕಿವಿಗೆ ಬಿದ್ದೊಡನೆ ಅಮ್ಮನಿಗೇ ಮೊದಲು ಹೇಳತಕ್ಕದ್ದು. ಅಮ್ಮ ರೀಲ್ಸ್ ನೋಡುವುದರಲ್ಲಿ ಮಗ್ನಳಾಗಿದ್ದರೆ, 1098 ಎಂಬ ಮಕ್ಕಳ ಸಹಾಯವಾಣಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.