ಗುರ್ಲಾಪುರ ಕ್ರಾಸ್ ಜತೆ ನಿಂತಲ್ಲೇ ಸಂದರ್ಶನ

ಮೂಡಲಗಿ ತಾಲ್ಲೂಕಿನ ಈ ಕ್ರಾಸ್ 2025ರ ಅಕ್ಟೋಬರ್ 30ರಂದು ಕಬ್ಬು ಬೆಳೆಗಾರರು ಬಂದು ಕೂರುವವರೆಗೆ ಬಸ್ಸು ಬದಲಿಸುವ ಜಾಗವಾಗಿತ್ತು. ಆಮೇಲೆ ಮಂತ್ರಿಗಳು, ವಿರೋಧ ಪಕ್ಷದವರು, ಕ್ಯಾಮೆರಾಗಳು ಎಲ್ಲ ಬಂದವು. ದೂಳು ಮೊದಲಿಂದಲೂ ಇತ್ತು.

ಪ್ರಶ್ನೆ: ಟನ್ನಿಗೆ 3,500 ಕೇಳಿದವರು 3,300ಕ್ಕೆ ಎದ್ದರಲ್ಲ?

ಕ್ರಾಸ್: ಎದ್ರು, ಸಂಭ್ರಮನೂ ಪಟ್ರು. ನವೆಂಬರ್ 7ಕ್ಕ ಬೆಂಗಳೂರಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಲೆಕ್ಕಾ ಮುಗಿಸಿದ್ರು. ಅವತ್ತ ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್‌ದಾಗ ಕಲ್ಲು ಹಾರಿದ್ವು. ರಾಜಧಾನಿ ಮಾತು ಇಲ್ಲಿಗೆ ಮುಟ್ಟಾಕ ರಾತ್ರಿ ಬಸ್ಸಿನಷ್ಟು ಹೊತ್ತು ಬೇಕ್ರಿ.

ಪ್ರಶ್ನೆ: ಅಲ್ಲಿಗೆ ಶಾಂತಿ.

ಕ್ರಾಸ್: ನನ್ನ ಮಟ್ಟಿಗೆ! ಘಟಪ್ರಭಾ ಹುಕ್ಕೇರಿ, ಗೋಕಾಕ, ಮೂಡಲಗಿ ದಾಟಿ ಮುಧೋಳಕ್ಕ ತಾನಾಗಿ ಹರಿತೈತಿ. ಒಪ್ಪಂದ ಹಂಗ ಹರಿಯಂಗಿಲ್ಲ. ದರಾನ ಸಕ್ಕರಿ ಇಳುವರಿಗೆ ಗಂಟು ಹಾಕಿದ್ರು: ಶೇ 11.25 ಬಂದ್ರ 3,300, ಕಡಿಮಿ ಬಂದ್ರ ಕಡಿಮಿ. ಇಳುವರಿ ಅಳೆಯಾವ್ರು ಯಾರು? ಕಾರ್ಖಾನಿ ಲ್ಯಾಬು. ಮುಧೋಳದವ್ರು ಒಲ್ಲೆ ಅಂದ್ರು. ನವೆಂಬರ್ 13ಕ್ಕ ಸಮೀರವಾಡಿ ಕಾರ್ಖಾನಿ ಹಂತ್ಯಾಕ ಟ್ರಾಲಿ ಸಾಲಾಗಿ ಉರದ್ವು. ಹಚ್ಚಿದವ್ರು ಯಾರಂದ್ರ ಒಬ್ಬೊಬ್ರು ಒಂದೊಂದು ಹೇಳ್ತಾರ. ಸುಟ್ಟದ್ದು ಮಾತ್ರ ರೈತನ ಕಬ್ಬು. ಆಮ್ಯಾಲ ಮುಧೋಳದವ್ರನ್ನೂ ಕೂಡ್ರಿಸ್ಕೊಂಡು ಮಾತಾಡಿದ್ರು. ಆ ಕುರ್ಚಿ ಮೊದಲ ಹಾಕಿದ್ರ ಖರ್ಚು ಕಡಿಮಿ ಆಗ್ತಿತ್ತು.

ಪ್ರಶ್ನೆ: ಕುರ್ಚಿ ಹಾಕದ ಮಾತುಕತೆ ಹಿಂದೆಯೂ ಆಗಿದೆ. 1938ರಲ್ಲಿ ಚೆಕೊಸ್ಲೊವಾಕಿಯಾವನ್ನು ಹೊರಗಿಟ್ಟು ಮ್ಯೂನಿಕ್‌ನಲ್ಲಿ ಅದರ ನೆಲವನ್ನೇ ಹಂಚಿದರು. ಆರು ತಿಂಗಳಲ್ಲಿ ಹಿಟ್ಲರ್ ಪ್ರಾಗ್‌ನಲ್ಲಿದ್ದ.

ಕ್ರಾಸ್: ಆ ಊರಿನ ಬಸ್ಸು ನನ್ನ ಮ್ಯಾಲ ಹಾಯಂಗಿಲ್ಲ. ದಿಲ್ಲಿ ಮಾತು ಕೇಳ್ರಿ. ಅಲ್ಲಿ ಕುಂತು ಕೇಂದ್ರದವ್ರು ಆ ಹಂಗಾಮಿಗೆ ಕಬ್ಬಿನ ದರ, ಅಂದ್ರ ಎಫ್‌ಆರ್‌ಪಿ, ಟನ್ನಿಗೆ 3,550 ಅಂದ್ರು, ಶೇ 10.25 ಇಳುವರಿಗೆ. ಕಡಿಯೋದು, ಸಾಗಿಸೋದು ಅದರಾಗ ಮುರಕೋತಾರ. ಇತ್ತ ಕಾರ್ಖಾನಿ ಕಟ್ಟಿದ ಮನಿತನದಾವ್ರ ಮತ ಕೇಳಾಕೂ ಬರ್ತಾರ. ಹಿಂಗಾಗಿ ಕೆಲವರು ಮೇಜಿನ ಎರಡೂ ಕಡೆ ಇರ್ತಾರ. ರೈತ ಒಂದ ಕಡೆಗೂ ಕಷ್ಟಪಟ್ಟು ಕೂಡ್ತಾನ.

ಪ್ರಶ್ನೆ: ಇನ್ನೂ ಯಾರಾದರೂ ಬಿಟ್ಟುಹೋದರೇ?

ಕ್ರಾಸ್: ಮಹಾರಾಷ್ಟ್ರದ ಬೀಡದಿಂದ ಕೂಸು ಕಟ್ಕೊಂಡು ಬರ್ತದಲ್ಲ, ಕಡಿಯೋ ಗ್ಯಾಂಗು? ನನ್ನ ಮ್ಯಾಲ ಅಷ್ಟು ಮೈಕ್ ಹಚ್ಚಿದ್ರು, ಅವರ ಕೈಗೆ ಒಂದೂ ಬರಲಿಲ್ಲ.

ಪ್ರಶ್ನೆ: ಅವರು ಕೇಳಿದರೇ?

ಕ್ರಾಸ್: ಕೇಳಾಕ ಮೈಕ್ ಬೇಕಲ್ರಿ! ಸರೀರಿ ಸ್ವಲ್ಪ, ಎರಡು ಟ್ರಾಲಿ ಜೋಡಿಸ್ಕೊಂಡು ಟ್ರ್ಯಾಕ್ಟರ್ ಬರಾಕತ್ತೈತಿ. ಡ್ರೈವರ್ ಹಾಡು ಜೋರು ಹಚ್ಚ್ಯಾನ, ನೀವು ಒದರಿದ್ರೂ ಅವಂಗ ಕೇಳಂಗಿಲ್ಲ.