‘ಲಕಾನಿಕ್’ ಪದದ ಲೋಕಾಪುರ ಮೂಲ

ಚುಟುಕಾಗಿ ಆಡುವ ಮಾತಿಗೆ ಇಂಗ್ಲಿಷಿನವರು ‘ಲಕಾನಿಕ್’ ಎನ್ನುತ್ತಾರೆ. ನಿಘಂಟುಗಳು ಇದರ ಮೂಲವನ್ನು ಗ್ರೀಸಿನ ಲಕೋನಿಯಾಕ್ಕೆ, ಅಂದರೆ ಸ್ಪಾರ್ಟಾ ಸೀಮೆಗೆ ಗಂಟುಹಾಕಿವೆ. ನಿಘಂಟುಕಾರರು ಮುಧೋಳ ತಾಲ್ಲೂಕಿನ ಲೋಕಾಪುರದಲ್ಲಿ ಒಮ್ಮೆ ಬಸ್ಸಿಳಿದಿದ್ದರೆ ಈ ಪ್ರಮಾದ ಆಗುತ್ತಿರಲಿಲ್ಲ. ‘ಲೋಕಾ’ ಕಣ್ಣೆದುರೇ ಇದೆ. ‘ಪುರ’ ಎಲ್ಲಿ ಹೋಯಿತು ಎಂದು ಕೇಳುವವರಿಗೆ ಮಿತಭಾಷೆಯ ಗಂಧವೇ ಇಲ್ಲ.

ಗ್ರೀಕರ ಕಡೆಯ ದೊಡ್ಡ ಸಾಕ್ಷಿ ಇಷ್ಟೇ: ತಾನು ಲಕೋನಿಯಾಕ್ಕೆ ನುಗ್ಗಿದರೆ ಎಲ್ಲವನ್ನೂ ನೆಲಸಮ ಮಾಡುವೆನೆಂದು ಮ್ಯಾಸಿಡೋನಿಯಾದ ದೊರೆ ಎರಡನೇ ಫಿಲಿಪ್ ಹೇಳಿಕಳಿಸಿದ. ಆ ‘ನುಗ್ಗಿದರೆ’ಯ ‘ರೆ’ಗೆ ಸಮನಾದ ಒಂದೇ ಪದವನ್ನು ಸ್ಪಾರ್ಟಾದವರು ಮರುತ್ತರವಾಗಿ ಕಳಿಸಿದರಂತೆ. ಅಷ್ಟಕ್ಕೂ ಅವರಿಗೆ ಇಡೀ ಒಂದು ಪದ ಖರ್ಚಾಯಿತು. ನಮ್ಮಲ್ಲಿ ‘ಬಂದ್ರ’ ಎಂಬುದರ ತುದಿಯ ‘ರ’ ಸಾಕು.

ಸಾಹಿತ್ಯದ ಆಧಾರವೂ ಉಂಟು. ಪಂಪ 14 ಆಶ್ವಾಸಗಳಲ್ಲಿ ಹೇಳಿದ ಭಾರತವನ್ನು ಮುಧೋಳದ ರನ್ನ ‘ಗದಾಯುದ್ಧ’ದ 10ರಲ್ಲಿ ಮುಗಿಸಿದ. ಅವನೇ ಇದನ್ನು ಸಿಂಹಾವಲೋಕನ ಕ್ರಮ ಎಂದ. ನಾನು ನೀರಿನ ಗುಣ ಎನ್ನುತ್ತೇನೆ.

ಆದರೆ ಅಸಲಿ ಪುರಾವೆ ಸಿಗುವುದು ಕಬ್ಬಿನ ಹಂಗಾಮಿನಲ್ಲಿ. ಈ ಸೀಮೆಯ ಯಾವುದೋ ಒಂದು ಸಕ್ಕರೆ ಕಾರ್ಖಾನೆಯ ಕಿಟಕಿ. ಒಳಗೆ ಕ್ಲಾರ್ಕು, ಹೊರಗೆ ತೂಕದ ಚೀಟಿ ಹಿಡಿದ ರೈತ.

‘ಸಾಹೇಬ್ರ, ಬಿಲ್ ಯಾವಾಗ ಬರತೈತ್ರಿ?’

‘ಬರತೈತಿ.’

ವ್ಯಾಕರಣದ ದೃಷ್ಟಿಯಿಂದ ಇದು ಅಪೂರ್ವ ಪ್ರಯೋಗ. ಉತ್ತರಿಸಿದವನು ಸ್ವಂತದ್ದು ಅಂತ ಒಂದಕ್ಷರವನ್ನೂ ಖರ್ಚು ಮಾಡಿಲ್ಲ. ರೈತನ ಪ್ರಶ್ನೆಯಿಂದಲೇ ‘ಸಾಹೇಬ್ರ’, ‘ಬಿಲ್’, ‘ಯಾವಾಗ’, ಕೊನೆಗೆ ಮರ್ಯಾದೆಯ ‘ರಿ’ಯನ್ನೂ ಕಿತ್ತುಕೊಂಡು, ಉಳಿದದ್ದನ್ನು ವಾಪಸ್ ಕೊಟ್ಟಿದ್ದಾನೆ. ರಸ ಹಿಂಡಿ ಸಿಪ್ಪೆ ಉಳಿಸುವ ಕಸುಬಿನವರಿಗೆ ಇದೇನು ಕಷ್ಟವಲ್ಲ ಬಿಡಿ.

ಇವರ ಮುಂದೆ ಸರ್ಕಾರ ಬರೀ ವಾಚಾಳಿ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಸಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಉದ್ದಕ್ಕೆ ಬರೆದಿಟ್ಟಿದೆ. ಅದನ್ನು ಓದಿಕೊಂಡೇ ಬಂದಿದ್ದ ರೈತನೂ ಈಗ ಲಕಾನಿಕ್ ಆದ.

‘ಬಡ್ಡಿ?’

‘ನೋಡೂಣು.’

ಈ ‘ನೋಡೂಣು’ವಿನ ಕಾಲ ಯಾವುದೆಂದು ವ್ಯಾಕರಣಕಾರರು ಚರ್ಚಿಸಲಿ. ಕಬ್ಬು ಬೆಳೆಯುವ ಓದುಗರು ಮಾತ್ರ ತೂಕದ ಚೀಟಿ ಜೋಪಾನ ಮಾಡಿ, ಅದರ ಮೇಲಿನ ತಾರೀಖಿನಿಂದ 14 ಎಣಿಸಿಕೊಳ್ಳಿ. ಬಡ್ಡಿ ಆಮೇಲೆ ಶುರು.