ನಲಿ-ಕಲಿ ಕೊಠಡಿ: ಬಳಸುವ ಮುನ್ನ ಓದಿ

ಮೂರು ತರಗತಿ, ಒಂದು ಕೊಠಡಿ, ಒಬ್ಬ ಮೇಷ್ಟ್ರು. ತಯಾರಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ. ಆಮೇಲೆ ರಾಜ್ಯವೆಲ್ಲ ಹಬ್ಬಿತು. ಪೆಟ್ಟಿಗೆ ಬಿಚ್ಚಿದರೆ ಕಾರ್ಡುಗಳು, ಗೋಡೆಗೆ ಹಾಕುವ ಕಲಿಕಾ ಏಣಿ, ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ ತೂಗುಹಾಕುವ ಚಪ್ಪರ, ಇಷ್ಟು ಸಿಗುತ್ತದೆ. ಬೆತ್ತ ಸಿಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ 2010ರಿಂದಲೇ ಅದನ್ನು ಹೊರಗಿಟ್ಟಿದೆ, ಮನಸ್ಸಿಗೆ ನೋವಾಗುವಂಥ ಹಿಂಸೆಯನ್ನೂ ಸೇರಿಸಿ. ಬೀರುವಿನ ಹಿಂದೆ ಹಳೇದೊಂದು ಸಿಕ್ಕರೆ ಜೇಡರ ಬಲೆ ತೆಗೆಯಲು ಬಳಸಿ.

ಶಬ್ದದ ಬಗ್ಗೆ: ಈ ಯಂತ್ರ ಗುಯ್‌ಗುಡುವುದು ದೋಷವಲ್ಲ. ಮಕ್ಕಳು ಐದು ಗುಂಪಾಗಿ ಕೂತು, ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುವ ಪದ್ಧತಿ ಇದು. ಬಾಯಿ ಮುಚ್ಚಿಸಿದರೆ ಕಲಿಕೆಯೂ ನಿಲ್ಲುತ್ತದೆ. ‘ಸಾ, ಇವ್ನು ರಬ್ಬರ್ ಕೊಡ್ತಿಲ್ಲ ಸಾ’ ಎಂಬುದು ಮಾಮೂಲಿ ಸದ್ದು, ತಲೆ ಎತ್ತಬೇಕಿಲ್ಲ. ಒಂದು ಕಿರುಬೆರಳು ಮೇಲೆದ್ದರೆ ತಕ್ಷಣ ಕಳಿಸಿ. ತಡಮಾಡಿದರೆ ಇಡೀ ಸಾಲಿಗೇ ಒಂದಕ್ಕೆ ಬರುತ್ತದೆ. ಎದ್ದು ಓಡಬೇಕಾದದ್ದು ಕೊಠಡಿ ದಿಢೀರನೆ ಮೌನವಾದಾಗ: ಯಾರೋ ಬಳಪವನ್ನು ಮೂಗಿಗೆ ತೂರಿಸಿದ್ದಾನೆ, ಮಿಕ್ಕವರು ಮುಂದೇನಾಗುತ್ತದೋ ಎಂದು ಕಾಯುತ್ತಿದ್ದಾರೆ.

ಎಚ್ಚರಿಕೆ: ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕೆಲಸವನ್ನು ಲೀಡರಿಗೆ ವಹಿಸಬೇಡಿ. ಮೊದಲ ಸಾಲಿನಲ್ಲಿ ಅವನ ಶತ್ರುಗಳಿರುತ್ತಾರೆ. ಎರಡನೇ ಸಲ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು, ಮತ್ತೆ ಮಾತಾಡಿದರೆ ಇನ್ನೊಂದು. ಹುಣಸೆಹಣ್ಣಿನ ಚೂರು ಕೈ ಬದಲಾದರೆ ಹೆಸರೇ ಅಂಗೈಯಡಿ ಅಳಿಸಿಹೋಗುತ್ತದೆ. ಮೇಷ್ಟ್ರು ವಾಪಸು ಬರುವ ಹೊತ್ತಿಗೆ ಅಲ್ಲೊಂದು ಪಂಚಾಯ್ತಿ ಆಡಳಿತವೇ ನಡೆದಿರುತ್ತದೆ. ಹೆಸರು ಬರೆಯುವುದು ಮೇಲಿನ ಸೆಕ್ಷನ್ನಿಗೆ ಬರುತ್ತದೋ ಇಲ್ಲವೋ ವಕೀಲರು ಹೇಳಲಿ. ಬೋರ್ಡಿನಲ್ಲಿ ತನ್ನ ಹೆಸರು ಓದಲು ಬಾರದ ಒಂದನೇ ತರಗತಿಯವನಿಗೆ ಮಾತ್ರ ಅದರಿಂದ ಏನೂ ಬಾಧೆಯಿಲ್ಲ.

ಬಿಸಿಯೂಟದ ಕೋಣೆಯಿಂದ ಒಗ್ಗರಣೆಯ ಚಟಪಟ ಕೇಳಿಸಿದ ಮೇಲೆ ಯಾವ ಗುಂಡಿ ಒತ್ತಿದರೂ ಪ್ರಯೋಜನವಿಲ್ಲ. ಕಾರ್ಡು ಎತ್ತಿಡಿ, ಕೈ ತೊಳೆಸಿ.

ನೀವು ತರಬೇತಿಗೋ ಗಣತಿಗೋ ಹೋದ ದಿನ ಯಂತ್ರ ಸ್ವಯಂಚಾಲಿತವಾಗುತ್ತದೆ. ಮೂರನೇ ತರಗತಿಯ ಹುಡುಗಿಯೊಬ್ಬಳು ನಿಮ್ಮ ಕುರ್ಚಿಯಲ್ಲಿ ಕೂತು, ಸ್ಕೇಲಿನಿಂದ ಮೇಜು ಕುಟ್ಟಿ, ‘ಏಯ್, ಏನದು ಗಲಾಟೆ, ಸಂತೆ ಏನ್ರೋ ಇದು?’ ಎನ್ನುತ್ತಾಳೆ. ಬೇಗ ಮುಗಿಸಿ ಬಂದಿದ್ದರೂ ಕಿಟಕಿಯ ಹತ್ತಿರ ನಿಂತು ಕೇಳಬೇಡಿ. ಧಾಟಿ ನಿಮ್ಮದೇ, ಕೆಮ್ಮೂ ನಿಮ್ಮದೇ. ಮಕ್ಕಳು ಮಾತ್ರ ಅವಳ ಮಾತು ಕೇಳುತ್ತಿರುತ್ತಾರೆ.